ದೀಪದ ಹೊತ್ತಿನ ಮಾತ್ರೆ

ಸರ್ಕಾರಿ ಆಸ್ಪತ್ರೆಗಳ ಔಷಧಿ ಕಿಟಕಿಯ ಹಿಂದೆ ನಾನು ಮೂವತ್ತನಾಲ್ಕು ವರ್ಷ ನಿಂತಿದ್ದೇನೆ. ಕುರ್ಚಿ ಇತ್ತು. ಆದರೆ ಕೂತರೆ ಆ ಕಿಂಡಿಯಲ್ಲಿ ರೋಗಿಯ ಕೈ ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ. ಮುಖ ನೋಡದೆ ಮಾತ್ರೆ ಕೊಡುವವನು ಬಸ್ಸಿನ ಟಿಕೆಟ್ ಹರಿದುಕೊಟ್ಟ ಹಾಗೆ ಕೊಡುತ್ತಾನೆ. ಅಂಥವರನ್ನು ಬೇಕಾದಷ್ಟು ನೋಡಿದ್ದೇನೆ, ಅವರ ಹೆಸರು ಬರೆಯುವುದಿಲ್ಲ.

ಈ ವರ್ಷ ಹೊಸದಾಗಿ ಕೆಲಸಕ್ಕೆ ಸೇರಿದ ಮೂವರು ಫಾರ್ಮಸಿಸ್ಟುಗಳು ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಮೂವರೂ ಬುದ್ಧಿವಂತರು, ಮೂವರೂ ಮಾತಿನ ನಡುವೆ ಫೋನ್ ನೋಡುವವರು. ನಿಮ್ಮ ಅನುಭವ ಹೇಳಿ ಸಾರ್ ಎಂದರು. ನಾನು ಹೇಳತೊಡಗಿದರೆ ದನಿ ಏರುತ್ತದೆ, ಹೆಂಡತಿ ಒಳಗಿನಿಂದ ಕೆಮ್ಮುತ್ತಾಳೆ. ಆದ್ದರಿಂದ ಬರೆದು ಕೊಡುತ್ತೇನೆ ಎಂದೆ. ಯಾವ ಇಸವಿಯಲ್ಲಿ ಯಾವ ಗ್ರೇಡ್ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾರು ಹಾರ ಹಾಕಿದರು ಎಂಬುದೆಲ್ಲ ಇದರಲ್ಲಿಲ್ಲ. ಫಿಟ್ಸ್ ಮಾತ್ರೆಯ ವಿಷಯ ಮಾತ್ರ ಇದೆ. ಪುಸ್ತಕದಲ್ಲಿ ಮೂರ್ಛೆರೋಗ ಎಂದು ಬರೆಯುತ್ತಾರೆ, ನಮ್ಮ ಕಿಟಕಿಗೆ ಬಂದವರೆಲ್ಲ ಫಿಟ್ಸ್ ಎಂದೇ ಹೇಳುತ್ತಿದ್ದರು.

ಈ ಮಾತ್ರೆಗೂ ಉಳಿದವಕ್ಕೂ ಒಂದು ವ್ಯತ್ಯಾಸವಿದೆ. ಜ್ವರದ ಮಾತ್ರೆ ಒಂದು ಹೊತ್ತು ತಪ್ಪಿದರೆ ಜ್ವರ ಇನ್ನೊಂದು ದಿನ ಇರುತ್ತದೆ, ಅಷ್ಟೆ. ಫಿಟ್ಸ್ ಮಾತ್ರೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಹೋಗದಿದ್ದರೆ, ವರ್ಷಗಟ್ಟಲೆ ಬೀಳದವರೂ ಬಿದ್ದುಬಿಡಬಹುದು. ಒಲೆಯ ಮುಂದೆ ಬೀಳಬಹುದು, ಕೆರೆ ಏರಿಯ ಮೇಲೆ ಬೀಳಬಹುದು. ಹಾಗಾಗಿ ನಮ್ಮ ಕೆಲಸ ಬರೀ ಮಾತ್ರೆ ಕೊಡುವುದಲ್ಲ, ಹೊತ್ತು ಹೇಳಿಕೊಡುವುದು. ಇದನ್ನು ನಾನು ಕಾಲೇಜಿನಲ್ಲಿ ಕಲಿಯಲಿಲ್ಲ, ಒಂದು ತಪ್ಪು ಮಾಡಿ ಕಲಿತೆ. ಆಮೇಲೆ ಇನ್ನೊಂದು ದೊಡ್ಡ ತಪ್ಪು ಮಾಡಿ, ಕಲಿತದ್ದು ಸಾಲದು ಎಂದು ಕಲಿತೆ.

ಮೊದಲ ತಪ್ಪು ಕೊಡಗಿನ ಹುದಿಕೇರಿಯಿಂದ ಆಚೆ, ಎಸ್ಟೇಟುಗಳ ನಡುವಿನ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ. ಬರುವವರಲ್ಲಿ ಹೆಚ್ಚಿನವರು ಎಸ್ಟೇಟಿನವರು ಸಾಲಾಗಿ ಕಟ್ಟಿಸಿದ ಲೈನ್ ಮನೆಗಳ ಆಳುಗಳು. ನನ್ನ ಮನೆಮಾತು ಅರೆಭಾಷೆ, ಅವರದ್ದು ತಮಿಳೋ ಮಲಯಾಳವೋ ಇನ್ನೊಂದೋ. ಅವರು ಅವರ ಕನ್ನಡದಲ್ಲಿ ಕೇಳುತ್ತಿದ್ದರು, ನಾನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೆ, ಅರ್ಧ ವ್ಯವಹಾರ ಕೈಸನ್ನೆಯಲ್ಲಿ ಮುಗಿಯುತ್ತಿತ್ತು. ಚೋಮ ಎಂಬ ಆಳಿಗೆ ಫಿಟ್ಸ್ ಇತ್ತು. ಮಾತ್ರೆಯ ಕವರಿನ ಮೇಲೆ ನಾನು ಎಲ್ಲರಿಗೂ ಬರೆದಂತೆ ೧-೦-೧ ಎಂದು ಬರೆದುಕೊಟ್ಟೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ಸಂಜೆ ಒಂದು. ಓದಲು ಬರುವ ಯಾರೋ ಅವನಿಗೆ ಅದನ್ನು ಓದಿ ಹೇಳಿದ್ದಾರೆ. ಚೋಮ ಇವತ್ತು ಒಂದು, ನಾಳೆ ಇಲ್ಲ, ನಾಡಿದ್ದು ಒಂದು ಎಂದು ನುಂಗಿದ. ಎರಡನೆಯ ವಾರ ಕಾಫಿ ಒಣಗಿಸುವ ಕಣದಲ್ಲಿ ಬಿದ್ದು ಹಣೆ ಒಡೆದುಕೊಂಡ.

ಆಗ ನಮ್ಮಲ್ಲಿಗೆ ಹೊಸದಾಗಿ ಬಂದಿದ್ದ ಡಾಕ್ಟರ್ ದೇಚಮ್ಮ ಅವನ ಹಣೆಗೆ ಹೊಲಿಗೆ ಹಾಕಿ, ಕವರನ್ನು ತಂದು ನನ್ನ ಮುಂದೆ ಹಿಡಿದರು. ಅವರು ನನಗಿಂತ ಎರಡೋ ಮೂರೋ ವರ್ಷಕ್ಕೆ ಚಿಕ್ಕವರು, ಆದರೆ ಬೈಯುವುದರಲ್ಲಿ ಹಿರಿಯರು. ಬೈಯಲಿಲ್ಲ. ನಾಳೆ ರಜೆ ಹಾಕಿ ಅವನ ಲೈನಿಗೆ ಹೋಗಿ ಕೂತು, ದಿನವಿಡೀ ಅವನು ತಪ್ಪದೆ ಮಾಡುವುದು ಏನೆಂದು ನೋಡಿ ಬನ್ನಿ ಎಂದರು. ಹೋದೆ. ಬೆಳಿಗ್ಗೆ ಮಸ್ಟರಿಗೆ, ಅಂದರೆ ಹಾಜರಿಗೆ, ಕರೆಯಲು ಎಸ್ಟೇಟಿನ ಬೆಲ್ ಹೊಡೆಯುತ್ತಾರೆ, ಅದನ್ನು ಚೋಮ ತಪ್ಪಿಸುವಂತಿಲ್ಲ. ಸಂಜೆ ಲೈನಿನಲ್ಲಿ ದೀಪ ಹಚ್ಚುತ್ತಾರೆ, ಅದೂ ತಪ್ಪುವುದಿಲ್ಲ. ಬೆಲ್ ಹೊಡೆದಾಗ ಒಂದು, ದೀಪ ಹಚ್ಚಿದಾಗ ಒಂದು ಎಂದು ಹೇಳಿ ಬಂದೆ. ನಾನು ಅಲ್ಲಿರುವಷ್ಟು ಕಾಲ ಚೋಮ ಮತ್ತೆ ಬೀಳಲಿಲ್ಲ.

ಅಲ್ಲಿಂದ ಇದು ನನ್ನ ಪದ್ಧತಿಯಾಯಿತು. ಬೆಳಗಿನ ಗುರುತು ಒಬ್ಬೊಬ್ಬರಿಗೆ ಒಂದೊಂದು: ಒಬ್ಬರಿಗೆ ಬೆಲ್, ಇನ್ನೊಬ್ಬರಿಗೆ ಡೈರಿಗೆ ಹಾಲು ಹಾಕುವ ಹೊತ್ತು. ಸಂಜೆಯದು ಮಾತ್ರ ಎಲ್ಲರಿಗೂ ಒಂದೇ, ದೀಪ. ಕೊಡಗಿನಲ್ಲಿ ಯಾವ ಜಾತಿಯ ಯಾವ ಮನೆಯಲ್ಲೂ ಸಂಜೆ ದೀಪ ಹಚ್ಚುವುದು ತಪ್ಪುವುದಿಲ್ಲ. ಕವರಿನ ಮೇಲೆ ಒಂದು ಸೂರ್ಯ, ಒಂದು ದೀಪ ಬಿಡಿಸುತ್ತಿದ್ದೆ. ಚಿತ್ರ ಚೆನ್ನಾಗಿರಲಿಲ್ಲ, ನನ್ನ ದೀಪ ಹಸಿಮೆಣಸಿನಕಾಯಿಯಂತೆ ಕಾಣುತ್ತದೆ ಎಂದು ನರ್ಸುಗಳು ನಗುತ್ತಿದ್ದರು. ಆದರೆ ಜನಕ್ಕೆ ಅರ್ಥವಾಗುತ್ತಿತ್ತು. ಬೇರೆ ಆಸ್ಪತ್ರೆಯವರು ಬಂದು ನೋಡಿಕೊಂಡು ಹೋದರು. ನಾನು ನನ್ನ ಬೆನ್ನನ್ನು ನಾನೇ ಚೆನ್ನಾಗಿ ತಟ್ಟಿಕೊಂಡೆ.

ಆಮೇಲೆ ವಿರಾಜಪೇಟೆಗೆ ವರ್ಗವಾಯಿತು. ಅಲ್ಲಿಂದ ಕೇರಳಕ್ಕೆ ಬಸ್ಸು, ಕೇರಳದಿಂದ ಗಲ್ಫಿಗೆ ವಿಮಾನ. ಮೊಯ್ದು ಎಂಬ ಬೇಕರಿ ಕೆಲಸದವನು ಫಿಟ್ಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದ, ಅವನಿಗೆ ಗಲ್ಫಿನಲ್ಲಿ ಕೆಲಸ ಸಿಕ್ಕಿತು. ಭಾರ ಕಡಿಮೆಯಾಗಲಿ ಎಂದು ನಾನು ಸ್ಟ್ರಿಪ್ಪಿನಿಂದ ಮಾತ್ರೆಗಳನ್ನೆಲ್ಲ ಬಿಡಿಸಿ ಒಂದು ಡಬ್ಬಿಗೆ ತುಂಬಿ ಕೊಟ್ಟೆ. ಉಪಕಾರ ಮಾಡಿದೆ ಎಂದುಕೊಂಡೆ. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಹೆಸರಿಲ್ಲದ ಬಿಳಿ ಮಾತ್ರೆಗಳ ಡಬ್ಬಿಯನ್ನು ನೋಡಿದವರು ಸುಮ್ಮನೆ ಬಿಡುತ್ತಾರೆಯೇ? ಕಿತ್ತುಕೊಂಡು, ಅವನನ್ನು ಅರ್ಧ ದಿನ ಕೂರಿಸಿದರು. ಊರಿನವರು ಯಾರೋ ಅಲ್ಲಿಯ ಡಾಕ್ಟರ ಹತ್ತಿರ ಕರೆದೊಯ್ದು ಹೊಸ ಮಾತ್ರೆ ಕೊಡಿಸಿದ್ದರಿಂದ ಅವನು ಉಳಿದ. ಮಾತ್ರೆ ಸ್ಟ್ರಿಪ್ಪಿನಲ್ಲೇ ಇರಬೇಕು, ಡಾಕ್ಟರ ಕಾಗದ ಜೊತೆಗಿರಬೇಕು, ಎರಡೂ ಕೈಚೀಲದಲ್ಲಿರಬೇಕು, ವಿಮಾನದ ಹೊಟ್ಟೆಗೆ ಹಾಕುವ ಪೆಟ್ಟಿಗೆಯಲ್ಲಲ್ಲ. ಇದನ್ನು ಮೊಯ್ದು ಫೋನಿನಲ್ಲಿ ನನಗೆ ಪಾಠ ಹೇಳಿದ, ನಾನು ವಿದ್ಯಾರ್ಥಿಯಂತೆ ಕೇಳಿಕೊಂಡೆ.

ಆದರೆ ದೀಪದ ಲೆಕ್ಕ ಗಲ್ಫಿನಲ್ಲೂ ನಡೆಯಿತು. ಮೊಯ್ದುವಿನ ನಂತರ ಹೋದವರಿಗೂ ಅದನ್ನೇ ಹೇಳಿ ಕಳಿಸಿದೆ, ಯಾರೂ ಬೀಳಲಿಲ್ಲ. ಅಲ್ಲಿ ಸಂಜೆಯಾಗುವುದು ನಮಗಿಂತ ಒಂದೂವರೆ ಗಂಟೆ ತಡ ಮಾತ್ರ, ಅದಕ್ಕೇ ನಡೆಯಿತು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ನನ್ನ ಪದ್ಧತಿ ಲೋಕದಲ್ಲೆಲ್ಲ ನಡೆಯುತ್ತದೆ ಎಂದು ತಿಳಿದುಬಿಟ್ಟೆ.

ಕೊನೆಯ ವರ್ಷಗಳಲ್ಲಿ ನಾನಿದ್ದದ್ದು ಕುಶಾಲನಗರದ ಹತ್ತಿರದ ಒಂದು ಆಸ್ಪತ್ರೆಯಲ್ಲಿ. ವರ್ಗಾವರ್ಗಿಯ ಆಟದಲ್ಲಿ ಡಾಕ್ಟರ್ ದೇಚಮ್ಮನವರೂ ಅಲ್ಲಿಗೇ ಬಂದರು. ಇಬ್ಬರಿಗೂ ಕೂದಲು ಬೆಳ್ಳಗಾಗಿತ್ತು, ಅವರ ದನಿ ಮಾತ್ರ ಹಾಗೇ ಇತ್ತು. ಅಲ್ಲಿಗೆ ಬಂದವಳು ಪುಟ್ಟಲಕ್ಷ್ಮಿ.

ಪುಟ್ಟಲಕ್ಷ್ಮಿ ಶಿರಂಗಾಲದ ಒಕ್ಕಲು ಮನೆಯವಳು, ಹಾಸನದ ಕಡೆಯಿಂದ ಹಿಂದೆ ಯಾವಾಗಲೋ ಬಂದು ನೆಲೆಸಿದ ಕುಟುಂಬ. ಗಂಡ ಲೋಕೇಶ ಗೂಡ್ಸ್ ಆಟೋ ಓಡಿಸುತ್ತಿದ್ದ. ಅವಳು ಎಸ್ಸೆಸ್ಸೆಲ್ಸಿ ಮುಗಿಸಿ, ಕಾಫಿಬೀಜ ಹದ ಮಾಡಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಗಾರ್ಬ್ಲಿಂಗಿಗೆ ಸೇರಿದ್ದಳು. ಗಾರ್ಬ್ಲಿಂಗ್ ಎಂದರೆ ಹೆಂಗಸರು ಸಾಲಾಗಿ ಕೂತು ಬೀಜದಲ್ಲಿ ಕಪ್ಪು, ಒಡಕು, ಹುಳುಕು ಆರಿಸಿ ತೆಗೆಯುವ ಕೆಲಸ. ಒಂದು ದಿನ ಒಂದು ರಾಶಿಯ ಮುಂದೆ ಕೂತವಳೇ, ಇದರಲ್ಲಿ ಏನೋ ಹುಳಿ ವಾಸನೆ ಇದೆ ಎಂದಳಂತೆ. ಯಾರಿಗೂ ವಾಸನೆ ಸಿಗಲಿಲ್ಲ. ಅದರ ಕಾಫಿ ಮಾಡಿ ರುಚಿ ನೋಡಿದಾಗ ಅವಳು ಹೇಳಿದ್ದು ನಿಜವಾಗಿತ್ತು. ಮ್ಯಾನೇಜರ್ ಅವಳನ್ನು ಕರೆದು ಹತ್ತು ಬಟ್ಟಲು ಇಟ್ಟು ಪರೀಕ್ಷೆ ಮಾಡಿದರು. ಒಂಬತ್ತರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ. ಎಷ್ಟು ಸಲ ಬಟ್ಟಲು ಅದಲುಬದಲು ಮಾಡಿದರೂ ಅವಳು ಆ ಒಂದನ್ನು ಹಿಡಿದು ತೋರಿಸಿದಳು. ಹೀಗೆ ಅವಳು ಕಪ್ಪಿಂಗ್ ಕೋಣೆಗೆ, ಅಂದರೆ ಕಾಫಿಯ ರುಚಿ ನೋಡಿ ದರ್ಜೆ ಹೇಳುವ ಕೋಣೆಗೆ ಬಂದಳು. ನಾನು ಅರ್ಧ ಜೀವಮಾನ ಔಷಧಿಯ ವಾಸನೆಯಲ್ಲಿ ಕಳೆದವನು, ನನಗೆ ಕಾಫಿಗೂ ಕಷಾಯಕ್ಕೂ ವ್ಯತ್ಯಾಸ ತಿಳಿದರೆ ಹೆಚ್ಚು. ಅವಳ ನಾಲಿಗೆಯ ವಿಷಯ ಕೇಳಿದಾಗ ನನಗೆ ನಿಜವಾಗಿ ಗೌರವ ಹುಟ್ಟಿತು.

ಅವಳಿಗೆ ಫಿಟ್ಸ್ ಬಂದದ್ದು ಮದುವೆಯಾದ ಮೇಲೆ, ಮನೆಯಲ್ಲಿ. ಊರಿನವರು ಕೈಗೆ ಬೀಗದ ಕೈ ಕೊಟ್ಟರು, ಈರುಳ್ಳಿ ಮೂಸಿಸಿದರು, ನೂಲು ಕಟ್ಟಿಸಿದರು. ಲೋಕೇಶ ಮೂರು ತಿಂಗಳು ಇದನ್ನೆಲ್ಲ ನೋಡಿ, ಒಂದು ದಿನ ಯಾರ ಮಾತೂ ಕೇಳದೆ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಬಂದ. ಡಾಕ್ಟರ್ ದೇಚಮ್ಮ ಮೈಸೂರಿನ ತಜ್ಞರಿಗೆ ತೋರಿಸಿ ಮಾತ್ರೆ ನಿಶ್ಚಯ ಮಾಡಿಸಿದರು. ಮೊದಲ ವರ್ಷ ಒಂದು ತೊಂದರೆ ಬಂತು. ಮಾತ್ರೆಯ ಕಹಿ ಒಂದು ಗಂಟೆ ನಾಲಿಗೆಯಲ್ಲಿ ನಿಲ್ಲುತ್ತದೆ, ರುಚಿ ನೋಡಲು ಆಗುವುದಿಲ್ಲ ಎಂದು ಅವಳು ಕಪ್ಪಿಂಗ್ ಇರುವ ದಿನ ಮಾತ್ರೆ ಬಿಡತೊಡಗಿದಳು. ಡಾಕ್ಟರು ಕೂಗಾಡಿದರು. ನಾನು ಒಂದು ತುಂಡು ಬಾಳೆಹಣ್ಣಿನೊಳಗೆ ಇಡೀ ಮಾತ್ರೆ ಇಟ್ಟು, ಅಗಿಯದೆ ನುಂಗಲು ಹೇಳಿಕೊಟ್ಟೆ. ಕಹಿ ಹೋಯಿತು. ಬೆಳಿಗ್ಗೆ ಏಳಕ್ಕೆ ಒಂದು, ಸಂಜೆ ದೀಪ ಹಚ್ಚಿ ಒಂದು. ನಾಲ್ಕು ವರ್ಷ ಅವಳು ಬೀಳಲಿಲ್ಲ.

ಆದರೆ ಕೆಲಸದ ಜಾಗದಲ್ಲಿ ಯಾರಿಗೂ ತಿಳಿಯಬಾರದೆಂದು ಅವಳು ನಮ್ಮಿಬ್ಬರ ಹತ್ತಿರವೂ ಮಾತು ತೆಗೆದುಕೊಂಡಿದ್ದಳು. ತಿಳಿದರೆ ಕಪ್ಪಿಂಗ್ ಕೋಣೆಯಿಂದ ಹೊರಗೆ ಹಾಕುತ್ತಾರೆ ಎಂಬ ಹೆದರಿಕೆ. ನಾನು ಅವಳಿಗೆ ಸಾಲು ಕರಗಿದ ಮೇಲೆ, ಹಿಂದಿನ ಬಾಗಿಲಿನಿಂದ ಮಾತ್ರೆ ಕೊಡುತ್ತಿದ್ದೆ. ಇದೂ ಒಂದು ಉಪಕಾರವೆಂದೇ ನನ್ನ ಲೆಕ್ಕ. ನನ್ನ ಉಪಕಾರಗಳೆಲ್ಲ ಹೀಗೇ.

ನನ್ನ ನಿವೃತ್ತಿಗೆ ಒಂದು ವರ್ಷ ಇರುವಾಗ ಅವಳ ಕಂಪನಿಯವರು ಅವಳನ್ನು ಬ್ರೆಜಿಲಿಗೆ ಕಳಿಸಲು ನಿಶ್ಚಯಿಸಿದರು. ಮೂರು ವಾರ. ಅಲ್ಲಿಯ ರುಚಿ ನೋಡುವವರ ಜೊತೆ ಕೂತು ಕೆಲಸ ಕಲಿಯುವುದು, ನಮ್ಮ ಕಾಫಿಯನ್ನು ಅವರ ಮುಂದಿಡುವುದು. ಮ್ಯಾನೇಜರೂ ಜೊತೆಗೆ ಹೋಗುವವರು. ಚೆನ್ನಾಗಿ ಮಾಡಿದರೆ ಕಪ್ಪಿಂಗ್ ಕೋಣೆಯ ಮುಖ್ಯಸ್ಥೆಯಾಗುತ್ತಾಳೆ, ಗಾರ್ಬ್ಲಿಂಗಿನಿಂದ ಬಂದ ಹೆಂಗಸು ಅಲ್ಲಿಯವರೆಗೆ ಯಾರೂ ಆ ಕುರ್ಚಿಯಲ್ಲಿ ಕೂತಿರಲಿಲ್ಲ. ಡಾಕ್ಟರ್ ದೇಚಮ್ಮ ಎಲ್ಲ ಕೇಳಿದರು. ಕಾಫಿ ಎಷ್ಟು ಕುಡಿಯುತ್ತೀಯ ಎಂದರು. ಕುಡಿಯುವುದಿಲ್ಲ, ಬಾಯಿಗೆಳೆದು ಉಗಿಯುವುದು ಎಂದು ಇವಳು ತೋರಿಸಿಕೊಟ್ಟಳು. ವಿಮಾನದಲ್ಲಿ ನಿದ್ದೆ ಮಾಡು ಎಂದು ಹೇಳಿ ಕಾಗದ ಬರೆದುಕೊಟ್ಟರು.

ನಾನು ಆರು ವಾರದ ಮಾತ್ರೆಯನ್ನು ಸ್ಟ್ರಿಪ್ಪಿನಲ್ಲೇ, ಕೈಚೀಲದಲ್ಲಿ ಇಡಿಸಿದೆ. ಮೊಯ್ದುವಿನ ಪಾಠ ಮರೆತಿರಲಿಲ್ಲ. ಅಲ್ಲಿ ಯಾವ ಹೊತ್ತಿಗೆ ನುಂಗುವುದು ಎಂದು ಅವಳು ಕೇಳಿದಳು. ಅಲ್ಲೂ ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ, ನೀನು ಇಲ್ಲಿಯ ಹಾಗೇ ಬೆಳಗಾದಾಗ ಒಂದು, ದೀಪ ಹಚ್ಚುವ ಹೊತ್ತಿಗೆ ಒಂದು ತಗೋ ಎಂದೆ. ಬಹಳ ದೊಡ್ಡ ತಿಳುವಳಿಕೆ ಹೇಳಿದವನ ಮುಖ ಮಾಡಿಕೊಂಡು ಹೇಳಿದೆ.

ಅವಳು ಹೊರಟ ಮೂರನೆಯ ಬೆಳಿಗ್ಗೆ ಆರೂವರೆಗೆ ನನ್ನ ಫೋನ್ ಹೊಡೆಯಿತು. ನಾನು ಅಂಗಳದಲ್ಲಿ ಕರಿಮೆಣಸು ಹರಡುತ್ತಿದ್ದೆ. ಪುಟ್ಟಲಕ್ಷ್ಮಿಯ ದನಿ ತೆಳ್ಳಗಿತ್ತು.

"ಸಾರ್, ನಾನ್ ಬಿದ್ದೋದೆ ಸಾರ್. ಇಲ್ಲಿ ಏರ್‌ಪೋರ್ಟ್‌ನಲ್ಲಿ, ಎಲ್ರ ಮುಂದೆ."

ಮಾತ್ರೆ ತೆಗೆದುಕೊಂಡಿರಲಿಲ್ಲವೇ ಎಂದು ಕೇಳಿದೆ. ಕೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಗದರಿಕೆಯೂ ಇತ್ತು, ಈಗ ನೆನೆದರೆ ನಾಚಿಕೆಯಾಗುತ್ತದೆ.

"ನೀವ್ ಹೇಳ್ದಂಗೇ ಮಾಡ್ದೆ ಸಾರ್. ಬೆಳಗ್ಗೆದು ನುಂಗ್ದೆ. ಆಮೇಲೆ ಕಾಯ್ತಾನೆ ಇದ್ದೆ. ದೀಪ ಹಚ್ಚೋ ಹೊತ್ತೇ ಬರ್ನಿಲ್ಲ ಸಾರ್."

ನಡೆದದ್ದು ಇಷ್ಟು. ನಸುಕಿಗೆ ಮುಂಚೆ ಬೆಂಗಳೂರಿನಲ್ಲಿ ವಿಮಾನ ಹತ್ತಿದವಳು, ಗಲ್ಫಿನಲ್ಲಿ ಇಳಿದಾಗ ಬೆಳಗಾಗಿತ್ತು. ಅಲ್ಲಿ ಬೆಳಗಿನ ಮಾತ್ರೆ ನುಂಗಿ ಇನ್ನೊಂದು ವಿಮಾನ ಹತ್ತಿದಳು. ಆ ವಿಮಾನ ಹದಿನೈದು ಗಂಟೆ ಪಡುವಣಕ್ಕೆ ಹಾರಿತು. ಸೂರ್ಯ ಹೋಗುವ ದಿಕ್ಕಿಗೇ ವಿಮಾನವೂ ಹೋಯಿತು. ಕಿಟಕಿಯ ಮುಚ್ಚಳ ಸರಿಸಿ ನೋಡಿದಾಗಲೆಲ್ಲ ಹೊರಗೆ ಬಿಸಿಲು. ಶಿರಂಗಾಲದಲ್ಲಿ ಲೋಕೇಶ ದೀಪ ಹಚ್ಚಿ, ಊಟ ಮಾಡಿ ಮಲಗಿದರೂ ಇವಳಿಗೆ ಹಗಲು ಮುಗಿದಿರಲಿಲ್ಲ. ಇಳಿದಾಗ ಅಲ್ಲಿ ಸಂಜೆ ನಾಲ್ಕೂವರೆ, ಇನ್ನೂ ಬಿಸಿಲು. ಹಿಂದಿನ ಮಾತ್ರೆ ನುಂಗಿ ಹದಿನೆಂಟು ಗಂಟೆಯಾಗಿತ್ತು, ಎರಡು ರಾತ್ರಿಯ ನಿದ್ದೆ ಇರಲಿಲ್ಲ. ಪಾಸ್‌ಪೋರ್ಟ್ ನೋಡುವ ಸಾಲಿನಲ್ಲಿ ನಿಂತಿದ್ದಾಗ ಬಿದ್ದಳು.

ಹಲ್ಲು ಕಚ್ಚಿ ನಾಲಿಗೆಯ ಅಂಚು ಹರಿದಿತ್ತು. ರುಚಿ ನೋಡುವವಳ ನಾಲಿಗೆ. ಮ್ಯಾನೇಜರಿಗೆ ಈಗ ಎಲ್ಲ ತಿಳಿದಿತ್ತು. ಅವರು ಹೆದರಿ, ಮರುದಿನವೇ ಅವಳನ್ನು ವಾಪಸ್ ಕಳಿಸಲು ಟಿಕೆಟ್ ನೋಡುತ್ತಿದ್ದರು.

"ವಾಪಸ್ ಬಂದ್ರೆ ಮತ್ತೆ ಆ ಕೋಣೆಗೆ ಸೇರ್ಸಲ್ಲ ಸಾರ್" ಎಂದಳು. ಅಳುತ್ತಿರಲಿಲ್ಲ, ಇದ್ದದ್ದನ್ನು ಹೇಳುತ್ತಿದ್ದಳು.

ಸ್ಕೂಟರ್ ಹತ್ತಿ ಡಾಕ್ಟರ ಕ್ವಾರ್ಟರ್ಸಿಗೆ ಹೋದೆ. ಅವರು ಹೊರಗೆ ಕೂತು ಪೇಪರ್ ಓದುತ್ತಿದ್ದರು. ಹೇಳಿದೆ. ಅವರು ಪೇಪರನ್ನು ಮಡಚಿ ಕೆಳಗಿಟ್ಟರು.

"ಎಂತ ಮಾಡಿಬಿಟ್ಟಿರಿ ಕುಶಾಲಪ್ಪ? ಅವಳಿಗೆ ಸೂರ್ಯನನ್ನು ಗಡಿಯಾರ ಅಂತ ಕೊಟ್ಟಿರಿ. ಅವಳು ಸೂರ್ಯನ ಜೊತೆಯೇ ಓಡಿದ್ದಾಳೆ" ಎಂದರು.

ಆಮೇಲೆ ಅವರೇ, ಕಾಗದ ಬರೆದದ್ದು ನಾನು, ಹೊತ್ತಿನ ವಿಷಯ ಕೇಳದೆ ಬಿಟ್ಟದ್ದೂ ನಾನು, ನಿಮ್ಮೊಬ್ಬರನ್ನೇ ಬೈದು ಏನು ಉಪಯೋಗ ಎಂದರು. ಅವರ ಕೈಕೆಳಗೆ ಕೆಲಸ ಮಾಡಿದ ವರ್ಷಗಳಲ್ಲಿ ಎಷ್ಟೋ ಸಲ ಅವರ ಮೇಲೆ ನನಗೆ ಸಿಟ್ಟು ಬಂದಿದೆ. ಆದರೆ ತಪ್ಪನ್ನು ಕೆಳಗಿನವನ ತಲೆಗೆ ಕಟ್ಟಿ ಕೈತೊಳೆದುಕೊಂಡದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಹೊಸಬರು ಇಂಥ ಮೇಲಧಿಕಾರಿ ಸಿಕ್ಕಿದರೆ ವರ್ಗಾವಣೆ ಕೇಳಬೇಡಿ.

ಪೇಪರಿನ ಅಂಚಿನಲ್ಲೇ ಅವರು ಲೆಕ್ಕ ಹಾಕಿದರು. ಮೈಗೆ ಗೊತ್ತಿರುವುದು ಹನ್ನೆರಡು ಗಂಟೆಗೊಂದು ಮಾತ್ರೆ, ಅದಕ್ಕೆ ಸೂರ್ಯ ಗೊತ್ತಿಲ್ಲ. ಬ್ರೆಜಿಲಿನ ಆ ಊರು ನಮಗಿಂತ ಎಂಟೂವರೆ ಗಂಟೆ ಹಿಂದೆ. ನಮ್ಮ ಸಂಜೆ ಏಳು ಅಲ್ಲಿ ಬೆಳಿಗ್ಗೆ ಹತ್ತೂವರೆ, ನಮ್ಮ ಬೆಳಿಗ್ಗೆ ಏಳು ಅಲ್ಲಿ ರಾತ್ರಿ ಹತ್ತೂವರೆ. ಮೂರು ವಾರಕ್ಕೆ ಹೊತ್ತು ಬದಲಾಯಿಸುವ ಗೋಜೇ ಬೇಡ, ಊರಿನ ಗಡಿಯಾರವನ್ನೇ ಇಟ್ಟುಕೊಳ್ಳಲಿ ಎಂದರು. ನಡುವೆ ತಪ್ಪಿದ ಮಾತ್ರೆಗೆ ಏನು ಮಾಡಬೇಕೆಂದೂ ಅವರೇ ತಿಳಿಸಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಮಾತ್ರೆಯಿಂದ ಮಾತ್ರೆಗೆ, ಜನರಿಂದ ಜನರಿಗೆ ಬೇರೆ. ನೀವು ನನ್ನಂತೆ ನಿಮ್ಮ ಪಾಂಡಿತ್ಯ ತೋರಿಸದೆ ಡಾಕ್ಟರನ್ನು ಕೇಳಿ.

ಉಳಿದದ್ದು ಮ್ಯಾನೇಜರ್. ಪುಟ್ಟಲಕ್ಷ್ಮಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿ, ಫೋನನ್ನು ಅವರಿಗೆ ಕೊಡು ಎಂದೆ. ಡಾಕ್ಟರು ಮಾತಾಡಲು ಫೋನಿಗೆ ಕೈ ಚಾಚಿದರು. ಮೊದಲು ನಾನು ಮಾತಾಡುತ್ತೇನೆ ಎಂದೆ. ನಿವೃತ್ತಿಗೆ ಒಂದು ವರ್ಷ ಇತ್ತು. ಫಾರ್ಮಸಿಸ್ಟ್ ಹೇಳಿದ ತಪ್ಪು ಮಾತಿನಿಂದ ರೋಗಿ ಪರದೇಶದಲ್ಲಿ ಬಿದ್ದಳು ಎಂದು ಒಂದು ದೂರು ಹೋದರೆ ಸಾಕಿತ್ತು. ಆದರೆ ಅವಳ ನಾಲ್ಕು ವರ್ಷದ ಕಟ್ಟುನಿಟ್ಟನ್ನು ನಾನು ಹಾಳು ಮಾಡಿ, ಅದರ ದಂಡ ಅವಳು ತೆರುವುದನ್ನು ನೋಡಿಕೊಂಡು ಪಿಂಚಣಿ ತಿನ್ನಲು ನನಗೆ ಮನಸ್ಸಾಗಲಿಲ್ಲ.

"ಸಾರ್, ಅವಳು ಮಾತ್ರೆ ತಪ್ಪಿಸಿದವಳಲ್ಲ. ತಪ್ಪು ಹೊತ್ತು ಹೇಳಿದ್ದು ನಾನು. ಬೇಕಾದರೆ ಬರೆದು ಸಹಿ ಹಾಕಿ ಕೊಡ್ತೇನೆ" ಎಂದೆ.

ಅವರು ಕೇಳಿದ್ದು ಒಂದೇ ಪ್ರಶ್ನೆ.

"ಇನ್ನೊಂದು ಸಲ ಬಿದ್ದರೆ ನಾನು ಏನ್ ಮಾಡ್ಬೇಕು, ಹೇಳಿ."

ಮೇಲಿನವರ ಬಾಯಿಂದ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಕೇಳಿಲ್ಲ. ಡಾಕ್ಟರ್ ದೇಚಮ್ಮ ಫೋನ್ ತೆಗೆದುಕೊಂಡು ಹೇಳಿದರು: ತಲೆಗೆ ಮೆತ್ತಗೆ ಏನಾದರೂ ಇಡಿ, ಒಂದು ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ, ಒತ್ತಿ ಹಿಡಿಯಬೇಡಿ, ವಾಚು ನೋಡಿ, ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ. ಈಗ ಅಲ್ಲಿಯ ಡಾಕ್ಟರೊಬ್ಬರಿಗೆ ತೋರಿಸಿ, ಎರಡು ದಿನ ಚೆನ್ನಾಗಿ ನಿದ್ದೆ ಮಾಡಲು ಬಿಡಿ. ಆಮೇಲೆ ಅವಳು ನಿಮ್ಮ ಕೆಲಸ ಮಾಡದಿದ್ದರೆ ನನ್ನನ್ನು ಕೇಳಿ. ಮ್ಯಾನೇಜರ್ ಎಲ್ಲವನ್ನೂ ಬರೆದುಕೊಂಡರಂತೆ. ಟಿಕೆಟ್ ಮಾಡಲಿಲ್ಲ.

ಮುಂದಿನದ್ದು ಅವಳೊಬ್ಬಳ ಸಾಹಸ, ಅದರಲ್ಲಿ ನಮ್ಮ ಪಾಲಿಲ್ಲ. ಅಲ್ಲಿ ರುಚಿ ನೋಡುವ ಕೆಲಸ ನಡೆಯುವುದು ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ. ಮಾತ್ರೆಯ ಹೊತ್ತು ಹತ್ತೂವರೆ, ಸರಿಯಾಗಿ ನಡುವೆ. ಹರಿದ ನಾಲಿಗೆ ಮಾಯುವವರೆಗೆ ನಾಲ್ಕು ದಿನ ಅವಳು ವಾಸನೆಯ ಮೇಲೇ ಬೀಜಗಳನ್ನು ಬೇರ್ಪಡಿಸಿದಳು. ಐದನೆಯ ದಿನ ಚಮಚ ಹಿಡಿದು ಮೇಜಿಗೆ ಬಂದಳು. ಹತ್ತೂವರೆಗೆ ಚಮಚ ಕೆಳಗಿಟ್ಟು, ಚೀಲದಿಂದ ಬಾಳೆಹಣ್ಣು, ಮಾತ್ರೆ ಎರಡನ್ನೂ ಎಲ್ಲರ ಮುಂದೆ ತೆಗೆದಳು. ಹಿಂದಿನ ಬಾಗಿಲಿಗೆ ಹೋಗಲಿಲ್ಲ. ಅಲ್ಲಿಯವರು ಏನೆಂದು ಕೇಳಿದರು. ಮ್ಯಾನೇಜರ್ ಏನೋ ಮರೆಮಾಚಿ ಹೇಳಲು ಹೊರಟಾಗ, ಇವಳೇ ತನಗೆ ಬರುವ ಇಂಗ್ಲಿಷಿನಲ್ಲಿ ನನಗೆ ಫಿಟ್ಸ್ ಇದೆ ಎಂದಳು. ಮರುದಿನದಿಂದ ಅವರು ತಮ್ಮ ವಿರಾಮವನ್ನೇ ಹತ್ತೂವರೆಗೆ ಬದಲಾಯಿಸಿದರು, ಮೇಜಿನ ಮೇಲೆ ಬಾಳೆಹಣ್ಣಿನ ತಟ್ಟೆ ಬಂತು. ಕುಶಾಲನಗರದ ಕಡೆಯ ಒಂದು ಆಸ್ಪತ್ರೆಯ ಹೊತ್ತಿಗೆ ಬ್ರೆಜಿಲಿನವರು ಎರಡು ವಾರ ಬಾಳೆಹಣ್ಣು ತಿಂದರು. ನನ್ನ ವೃತ್ತಿಯ ಸಾಧನೆ ಎಂದು ಏನಾದರೂ ಬರೆಯಬೇಕಾದರೆ ಇದನ್ನೇ ಬರೆಯಿರಿ.

ಆಮೇಲೆ ಅವಳು ಇನ್ನೊಮ್ಮೆ ಹೋದಳು, ಜಪಾನಿಗೆ. ಆ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಸಲ ಅವಳೇ ಒಂದು ಹಾಳೆಯಲ್ಲಿ ಗೆರೆ ಹಾಕಿ, ಒಂದು ಕಡೆ ಊರಿನ ಹೊತ್ತು, ಇನ್ನೊಂದು ಕಡೆ ಹೋಗುವ ಊರಿನ ಹೊತ್ತು, ನಡುವೆ ವಿಮಾನದ ಹೊತ್ತು ಬರೆದುಕೊಂಡು ಬಂದಿದ್ದಳು. ನಸುಕಿನ ವಿಮಾನ ಬೇಡವೆಂದು ಬದಲಾಯಿಸಿಕೊಂಡಿದ್ದಳು, ಕೈಗೆ ಎರಡು ವಾಚು, ಅದರಲ್ಲಿ ಒಂದು ಎಲ್ಲಿ ಹೋದರೂ ಶಿರಂಗಾಲದ ಹೊತ್ತು ತೋರಿಸುವುದು. ಜಪಾನಿನಲ್ಲೂ ಮಾತ್ರೆಗೆ ಹತ್ತೂವರೆಯೇ ಬರುತ್ತದೆ ಎಂದಳು. ಅದು ಹೇಗೆ, ಅದು ಮೂಡಣದಲ್ಲಲ್ಲವೇ ಎಂದು ನಾನು ಬೆರಳು ಮಡಚಿ ಎರಡು ಸಲ ಎಣಿಸಿದೆ. ಅವಳು ಹೇಳಿದ್ದು ಸರಿ. ಡಾಕ್ಟರು ಹಾಳೆಯನ್ನು ನೋಡಿ ಒಂದೇ ಒಂದು ಗುರುತು ಹಾಕದೆ ಸಹಿ ಮಾಡಿದರು. ಈಗ ಅಂಥದೇ ಹಾಳೆಯನ್ನು ಆಸ್ಪತ್ರೆಯವರು ಅಚ್ಚು ಹಾಕಿಸಿ ದೂರ ಹೋಗುವವರಿಗೆ ಕೊಡುತ್ತಾರೆ. ಫೋನಿನಲ್ಲಿ ಅಲಾರಾಂ ಇಡುವುದನ್ನೂ ಹೇಳಿಕೊಡುತ್ತಾರೆ. ನಿಮಗೆ ಇದೆಲ್ಲ ಸುಲಭ, ನನಗೆ ಹೊಟ್ಟೆಕಿಚ್ಚಿಲ್ಲ.

ಆದರೆ ನಾನು ಬರೆಯಲು ಕೂತದ್ದು ಮೊದಲ ಸಲ ಅವಳು ಬ್ರೆಜಿಲಿನಿಂದ ಮರಳಿದ ನಂತರದ ಒಂದು ವಿಷಯಕ್ಕಾಗಿ. ಕಂಪನಿಯವರು ಒಂದು ಶನಿವಾರ ಅವಳಿಗೆ ಸನ್ಮಾನ ಇಟ್ಟರು. ಡಾಕ್ಟರನ್ನೂ ನನ್ನನ್ನೂ ಕರೆದಿದ್ದರು. ಗಾರ್ಬ್ಲಿಂಗ್ ಹಾಲಿನಲ್ಲೇ ಅತಿಥಿಗಳಿಗೆ ಶಾಮಿಯಾನದ ಕುರ್ಚಿ ಹಾಕಿದ್ದರು, ಹೆಂಗಸರೆಲ್ಲ ನೆಲದ ಮೇಲೆ ಕೂತಿದ್ದರು. ಮ್ಯಾನೇಜರ್ ಇವಳನ್ನು ಕಪ್ಪಿಂಗ್ ಕೋಣೆಯ ಮುಖ್ಯಸ್ಥೆ ಎಂದು ಹೇಳಿ ಶಾಲು ಹೊದಿಸಿದರು. ಎರಡು ಮಾತಾಡು ಎಂದು ಮೈಕ್ ಕೊಟ್ಟರು. ಕಂಪನಿಗೆ ಧನ್ಯವಾದ ಹೇಳಿ ಕೂರುತ್ತಾಳೆ ಎಂದುಕೊಂಡೆ.

"ನಂಗೆ ಫಿಟ್ಸ್ ಅದೆ" ಎಂದಳು. "ಇಷ್ಟ್ ದಿನ ನಿಮ್ಗೆಲ್ಲ ಮುಚ್ಚಿಟ್ಟಿದ್ದೆ. ಅಲ್ಲಿ ಹೋದ್ ದಿನ ಎಲ್ರ ಮುಂದೆ ಬಿದ್ದೆ. ಬಿದ್ಮೇಲೆ ಎದ್ದು ಕೆಲ್ಸನೂ ಮಾಡ್ದೆ. ಮಾತ್ರೆ ಹೊತ್ಗೆ ಸರ್ಯಾಗಿ ತಗಂಡ್ರೆ ಆಯ್ತದೆ. ಅಷ್ಟೇ ನಾನ್ ಹೇಳದು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಂಗಸರು ನೆಲ ನೋಡುತ್ತಿದ್ದರು. ಮ್ಯಾನೇಜರ್ ಗಡಿಬಿಡಿಯಲ್ಲಿ ಸಿಹಿ ಹಂಚಲು ಹೇಳಿದರು. ಇವಳು ತಪ್ಪು ಮಾಡಿಕೊಂಡಳೇನೋ ಎಂದು ನನಗೆ ಕಳವಳವಾಯಿತು.

ಸೋಮವಾರ ಒಂಬತ್ತಕ್ಕೆ ನಾನು ಕಿಟಕಿ ತೆರೆದಾಗ ಸಾಲಿನ ಮುಂದೆ ಆ ಕ್ಯೂರಿಂಗ್ ವರ್ಕ್ಸಿನ ಆರು ಹೆಂಗಸರು ನಿಂತಿದ್ದರು. ಮೊದಲನೆಯವಳಿಗೆ ಐವತ್ತು ದಾಟಿತ್ತು, ಮೊಣಕೈಯ ಹತ್ತಿರ ಹಳೆಯ ಸುಟ್ಟ ಗಾಯ. ಹಿಂದೆ ಜ್ವರ, ಶೀತ, ಕೆಮ್ಮು ಎಂದು ನಿಂತ ಇಪ್ಪತ್ತು ಜನಕ್ಕೂ ಕೇಳುವಂತೆ ಅವಳು ಹೇಳಿದಳು.

"ಪುಟ್ಟಲಕ್ಷ್ಮಿಗೆ ಇರೋದೇ ನಂಗೂ ಅದೆ ಸಾರ್. ಹದಿನೆಂಟ್ ವರ್ಷ ಆಯ್ತು. ಯಾರ್ಗೂ ಹೇಳಿರ್ನಿಲ್ಲ. ನಂಗೂ ಮಾತ್ರೆ ಬೇಕು."

ಹಿಂದಿನ ಐವರೂ ಅದಕ್ಕೇ ಬಂದವರು. ಫಿಟ್ಸ್‌ಗೆ ಚಿಕಿತ್ಸೆ ಇದೆ, ಮುಚ್ಚಿಡಬೇಡಿ ಎಂಬ ಭಿತ್ತಿಪತ್ರವನ್ನು ನಾನು ಮೂವತ್ತಮೂರು ವರ್ಷ ಗೋಡೆಗೆ ಅಂಟಿಸಿದ್ದೆ, ಅದನ್ನು ಓದಿ ಒಬ್ಬಳೂ ಬಂದಿರಲಿಲ್ಲ. ಮೊದಲು ಡಾಕ್ಟರು ನೋಡಬೇಕು ತಾಯಿ ಎಂದೆ. ಕಿಟಕಿ ಮುಚ್ಚಿ ಹೊರಗೆ ಬಂದು, ಆರು ಜನರನ್ನೂ ಡಾಕ್ಟರ್ ದೇಚಮ್ಮನವರ ಕೋಣೆಗೆ ನಾನೇ ಕರೆದುಕೊಂಡು ಹೋದೆ.